ನ್ಯಾಯಾಧೀಶರ ಕೂದಲು

ಸಿಬ್ಬಂದಿ ವಸತಿಗೃಹ, ಎರಡನೇ ಮಹಡಿ
ನವೆಂಬರ್ ೧೭, ಭಾನುವಾರ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ನೋವು ಇಳಿದಿದೆಯೇ? ನಾದಿನಿಯ ಮನೆಯ ಮೆಟ್ಟಿಲು ತೀರಾ ಕಡಿದು, ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. ಅಲ್ಲಿ ನಿಮ್ಮನ್ನು ಗದರುವವರಿಲ್ಲವೆಂದು ಹುಡುಗಿಯ ಹಾಗೆ ಓಡಾಡಬೇಡಿ. ಕನ್ನಡಕದ ಕಾಲಿಗೆ ಸುತ್ತಿದ್ದ ದಾರ ತೆಗೆಸಿ ಹೊಸದು ಮಾಡಿಸಿಕೊಂಡಿರಾ? ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಾನು ಮಾಡಿದಾಗಲೆಲ್ಲ ನಾದಿನಿ "ಅಮ್ಮ ಮಲಗಿದ್ದಾಳೆ ಅತ್ತಿಗೆ" ಎನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಮಲಗಿದ್ದೀರಿ, ಸಂಜೆ ಮಾಡಿದರೂ ಮಲಗಿದ್ದೀರಿ. ನನ್ನ ಜೊತೆ ಇದ್ದಷ್ಟು ವರ್ಷ ಹಗಲು ಹೊತ್ತು ನೀವು ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ಈ ಕಾಗದ. ಮಲಗಿದ್ದೇನೆ ಎಂದು ಹೇಳಿಸಿ ಇದನ್ನು ವಾಪಸು ಕಳಿಸಲು ಆಗುವುದಿಲ್ಲ, ನೋಡಿ.

ನಾನು ಚೆನ್ನಾಗಿದ್ದೇನೆ. ಈ ವಾಕ್ಯ ಬರೆದು, ಹೊಡೆದುಹಾಕಲು ಹೋಗಿ, ಇರಲಿ ಎಂದು ಬಿಟ್ಟಿದ್ದೇನೆ. ಊಟ ಮಾಡುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ. ಮೂವರಿದ್ದಾಗ ಮೈ ತಿರುಗಿಸಲು ಜಾಗವಿಲ್ಲವೆಂದು ಗೊಣಗುತ್ತಿದ್ದ ಮನೆ ಇದೇನಾ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ. ಬಚ್ಚಲಿಗೆ ಸರದಿ ಕಾಯುತ್ತಿದ್ದೆವಲ್ಲ, ಈಗ ಎಷ್ಟು ಹೊತ್ತು ಬೇಕಾದರೂ ಒಳಗಿರಬಹುದು, ಬಾಗಿಲು ಬಡಿಯುವವರಿಲ್ಲ. ನಾನು ಕೆಲಸ ಮುಗಿಸಿ ಬಂದರೆ ನೀವು ಹೊಸ್ತಿಲಲ್ಲೇ ತಡೆದು "ಮೊದ್ಲು ಕೈ ತೊಳ್ಕೊ, ಆ ಕಿರಣಗಿರಣ ಎಲ್ಲಾ ಒಳಗೆ ತರಬೇಡ" ಎಂದು ಅಟ್ಟುತ್ತಿದ್ದಿರಿ. ಕಿರಣ ಸೋಪಿಗೆ ಹೋಗುವಂಥದ್ದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಈಗ ಯಾರೂ ಹೇಳದಿದ್ದರೂ ಬಂದವಳೇ ಕೈ ತೊಳೆಯುತ್ತೇನೆ. ಮಾತಿಗೆ ಜನವಿಲ್ಲದೆ ಕುಕ್ಕರಿನ ಜೊತೆ ಮಾತಾಡುವ ಮಟ್ಟಕ್ಕೆ ಬಂದಿದ್ದೇನೆ. ಅದು ಕೂಗಿಯಾದರೂ ಉತ್ತರ ಕೊಡುತ್ತದೆ, ನಿಮಗಿಂತ ವಾಸಿ. ಕೋಪ ಮಾಡಿಕೊಳ್ಳಬೇಡಿ, ನೀವಿಲ್ಲದೆ ನನಗೆ ತುಂಬ ಕಷ್ಟವಾಗಿದೆ.

ನೀವು ಯಾಕೆ ಹೋದಿರಿ ಎಂದು ನನಗೆ ಗೊತ್ತು. ನಿಮ್ಮ ಮಗನನ್ನು ಕಳಿಸಿಕೊಟ್ಟು ಬಂದ ದಿನ, ಮನೆ ತುಂಬ ನೆಂಟರಿದ್ದಾಗ, ಮಾವನವರ ಅಕ್ಕ ದೊಡ್ಡತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿಮ್ಮತ್ತ ಕೈ ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಅಂದರಲ್ಲ: "ಕೊನೇವರೆಗೂ ತಿನ್ಸಿದ್ದು ಇವಳೇ ತಾನೆ. ಆ ಮನೆತನದ ಕೈ, ಎಲ್ಲಿ ಬಿಡುತ್ತೆ?" ಹೊಟ್ಟೆಯ ಹಿಂದಿನ ಗ್ರಂಥಿ ಕೆಟ್ಟು ತಿಂಗಳುಗಟ್ಟಲೆ ನರಳಿ ಹೋದರು ಎಂದು ಆಸ್ಪತ್ರೆಯವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ, ಈ ಮಾತು ಮಾತ್ರ ಎಲ್ಲರ ಕಿವಿಗೂ ಬಿತ್ತು. ಅಂದಿನಿಂದ ನೀವು ಒಲೆ ಹಚ್ಚಲಿಲ್ಲ. ಮಗಳ ಜೊತೆ ಹೊರಟ ದಿನ, ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು "ನನ್ನ ಕೈಯಿಂದ್ಲೇ ಏನಾದ್ರೂ ಆಯ್ತೇನೇ?" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು. ಅಲ್ಲಿಯೂ ನೀವು ಅಡುಗೆಮನೆಗೆ ಕಾಲಿಡುವುದಿಲ್ಲವಂತೆ. ಪಾಪುವಿಗೆ ಒಂದು ತುತ್ತು ತಿನ್ನಿಸು ಎಂದರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಂತೆ. ನಾದಿನಿ ಇದನ್ನು ಹೇಳುತ್ತಾ ಫೋನಿನಲ್ಲೇ ಅತ್ತಳು.

ಈಗ ಸುದ್ದಿಗೆ ಬರುತ್ತೇನೆ. ನಿಮ್ಮ ತಾತನ ಕೂದಲು ನಮ್ಮ ರಿಯಾಕ್ಟರಿಗೆ ಬಂದಿತ್ತು! ಹೌದು, ಚೌಕದಲ್ಲಿ ಪಾರಿವಾಳಗಳ ಕಾಟ ಸಹಿಸುತ್ತಾ ನಿಂತಿದ್ದಾರಲ್ಲ, ಅದೇ ನ್ಯಾಯಾಧೀಶರು. ಅವರು ಹೋಗಿ ನೂರು ವರ್ಷವಾಯಿತೆಂದು, ಅವರೇ ಕಟ್ಟಿಸಿದ ಗ್ರಂಥಾಲಯದವರು ಗಾಜಿನ ಪೆಟ್ಟಿಗೆಯಲ್ಲಿದ್ದ ಕೂದಲ ಜೊಂಪೆಯಿಂದ ಒಂದು ಸಣ್ಣ ಕುಚ್ಚು ತೆಗೆದು, ವಿಷ ಹಾಕಿದ್ದು ನಿಜವೋ ಸುಳ್ಳೋ ನೋಡಿ ಹೇಳಿ ಎಂದು ಕಳಿಸಿದ್ದರು. ಆ ಕಥೆ ನೀವೇ ನನಗೆ ಹೇಳಿದ್ದು. ಮೊದಲ ಹೆಂಡತಿ ತೀರಿಕೊಂಡ ಮೇಲೆ ನ್ಯಾಯಾಧೀಶರು ನಿಮ್ಮ ಅಜ್ಜಿಯನ್ನು ಮದುವೆಯಾದರು. ವರ್ಷ ತುಂಬುವ ಮೊದಲೇ ಸತ್ತರು. ಕಿರಿಯಳು ದಿನವೂ ಊಟದಲ್ಲಿ ಸ್ವಲ್ಪ ಸ್ವಲ್ಪ ಪಾಷಾಣ ಬೆರೆಸಿ ಕೊಂದಳು ಎಂದು ಮೊದಲ ಹೆಂಡತಿಯ ತಂಗಿ ಊರೆಲ್ಲ ಸಾರಿದಳು. ಈಗ ಗಾಜಿನ ಪೆಟ್ಟಿಗೆಯಲ್ಲಿರುವ ಕೂದಲನ್ನು ಭಾವನ ಹೆಣದಿಂದ ಕತ್ತರಿಸಿಟ್ಟುಕೊಂಡವಳೂ ಅವಳೇ. ಮನೆಗೆ ಕಾಲಿಟ್ಟ ವಾರದಲ್ಲೇ ಗಂಡನ ಶಕ್ತಿಯ ಔಷಧಿಯನ್ನು ಮೋರಿಗೆ ಸುರಿದವಳು ಇನ್ನೇನು ಮಾಡಿಯಾಳು ಎಂಬುದು ಅವಳ ವಾದ. ಯಾವ ಕೋರ್ಟೂ ಶಿಕ್ಷೆ ಕೊಡಲಿಲ್ಲ, ಊರು ಕೊಟ್ಟಿತು. ಬಸುರಿ ಅಜ್ಜಿ ಮಾಡಿದ ಅಡುಗೆಯನ್ನು ಯಾರೂ ಮುಟ್ಟದೆ ಇದ್ದಾಗ, ಅವರು ಎಲ್ಲರೆದುರು ಮೊದಲ ತುತ್ತು ತಾವೇ ತಿಂದು ತೋರಿಸಿ ಆಮೇಲೆ ಬಡಿಸತೊಡಗಿದರು. ಹಾಗೇ ನಿಮ್ಮ ಅಮ್ಮ, ಹಾಗೇ ನೀವು. ಮದುವೆಯಾಗಿ ಬಂದ ಹೊಸದರಲ್ಲಿ, ನೀವು ನಿಂತಲ್ಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡು ಆಮೇಲೆ ನಮಗೆ ಬಡಿಸುವುದನ್ನು ಕಂಡು, ಪಾಪ ಅತ್ತೆಗೆ ಹಸಿವು ತಡೆಯುವುದಿಲ್ಲ ಎಂದುಕೊಂಡಿದ್ದೆ. ಕಾರಣ ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಸಂಬಂಧವನ್ನು ಮುಚ್ಚಿಡುವುದು ಸರಿಯಲ್ಲವೆಂದು ನಮ್ಮ ಮುಖ್ಯಸ್ಥರಿಗೆ ಹೇಳಿಬಿಟ್ಟೆ. ಅವರು ಗಡ್ಡ ಕೆರೆದುಕೊಂಡು "ಹಾಗಾದ್ರೆ ನೀನು ಬರೀ ಅಳೆ, ಯಾವುದು ಯಾವ ತುಂಡು ಅಂತ ನಿಂಗೆ ಗೊತ್ತಾಗ್ಬಾರದು" ಎಂದರು. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಬೆರಳಗಲ ಬೆಳೆಯುತ್ತದೆ, ಅತ್ತೆ. ಆ ತಿಂಗಳು ಮೈಗೆ ಸೇರಿದ್ದು ಆ ತಿಂಗಳ ಕೂದಲಲ್ಲಿ ಉಳಿಯುತ್ತದೆ. ಬುಡದ ಕಡೆಯದು ಸಾವಿನ ಹತ್ತಿರದ ದಿನಗಳು, ತುದಿಯದು ಹಳೆಯ ದಿನಗಳು. ನ್ಯಾಯಾಧೀಶರು ಕುತ್ತಿಗೆಯ ತನಕ ಕೂದಲು ಬಿಡುತ್ತಿದ್ದುದರಿಂದ ಮದುವೆಗೆ ಮುಂಚಿನದೂ ಆಮೇಲಿನದೂ ಸಿಕ್ಕಿತು. ನಮ್ಮಲ್ಲೊಬ್ಬರಿದ್ದಾರೆ, ಕೈಯಲ್ಲಿ ಸದಾ ಚಿಮಟ ಹಿಡಿದೇ ಓಡಾಡುವುದರಿಂದ ಅವರಿಗೆ ಚಿಮಟ ಎಂದೇ ಹೆಸರು. ಅವರು ಕೂದಲನ್ನು ತೊಳೆದು, ಕತ್ತರಿಸಿ, ಪುಟ್ಟ ಕೊಳವೆಗಳಲ್ಲಿ ಮುಚ್ಚಿ, ಗುಟ್ಟಿನ ಗುರುತು ಹಾಕಿ ಕೊಟ್ಟರು. ಅವನ್ನು ಡಬ್ಬಿಯಲ್ಲಿಟ್ಟು ರಿಯಾಕ್ಟರಿನ ನೀರಿನ ಕೊಳಕ್ಕೆ ಇಳಿಬಿಟ್ಟೆವು. ಅಲ್ಲಿ ನ್ಯೂಟ್ರಾನುಗಳ ಏಟು ತಿಂದ ಪಾಷಾಣ, ನಾವು ಆರ್ಸೆನಿಕ್ ಎನ್ನುವುದು, ತಾನೇ ಕಿರಣ ಸೂಸತೊಡಗುತ್ತದೆ, ಒಂದು ಕೂದಲಿನಲ್ಲಿ ಕಣ್ಣಿಗೆ ಕಾಣದಷ್ಟಿದ್ದರೂ ನನ್ನ ಯಂತ್ರಕ್ಕೆ ಸಿಕ್ಕಿಬೀಳುತ್ತದೆ. ಹೊರತೆಗೆದ ಕೂಡಲೇ ಅಳೆಯುವ ಹಾಗಿಲ್ಲ, ಬೆವರಿನ ಉಪ್ಪಿನಲ್ಲಿರುವ ಸೋಡಿಯಂ ದೊಡ್ಡ ಗದ್ದಲ ಮಾಡುತ್ತಿರುತ್ತದೆ. ಮನೆ ತುಂಬ ಮಕ್ಕಳಿದ್ದಾಗ ಅವು ಮಲಗುವ ತನಕ ದೊಡ್ಡವರ ಮಾತು ಕೇಳಿಸುವುದಿಲ್ಲವಲ್ಲ, ಹಾಗೆ. ಗದ್ದಲ ಇಳಿಯಲೆಂದು ಕಾದು, ಒಂದೊಂದನ್ನೇ ಅಳೆದುಕೊಟ್ಟೆ.

ಗುರುತು ಬಿಚ್ಚಿ ತುಂಡುಗಳನ್ನು ಸಾಲಾಗಿ ಜೋಡಿಸಿದೆವು. ಹಳೆಯ ದಿನಗಳಲ್ಲಿ ಪಾಷಾಣ ಅಷ್ಟಕ್ಕಷ್ಟೇ, ಮದುವೆಯ ನಂತರ ಏರುತ್ತಾ ಹೋಗಿ, ಸಾವಿನ ಹೊತ್ತಿಗೆ ನೆತ್ತಿಗೇರಿದೆ. ಆ ತಂಗಿ ಹೇಳಿದ್ದು ಅಕ್ಷರಶಃ ಅದನ್ನೇ. ಚಿಮಟ ನನ್ನ ಮುಖ ನೋಡಲಾರದೆ ಚಿಮಟವನ್ನೇ ಒರೆಸುತ್ತಾ ಕೂತರು. ನಾನು ಮನೆಗೆ ಬಂದು ಅಡುಗೆ ಮಾಡಿ, ತಟ್ಟೆ ಮುಂದಿಟ್ಟುಕೊಂಡು, ನಿಮಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಎಂದು ಯೋಚಿಸಿದೆ. ಸುಳ್ಳು ಹೇಳಿದರೆ ಅಳೆಯುವವಳಾಗಿ ಇದ್ದೇನು ಪ್ರಯೋಜನ? ನಿಜ ಹೇಳಿದರೆ ನೀವು ಇನ್ನೆಂದಾದರೂ ಒಂದು ಲೋಟ ನೀರನ್ನಾದರೂ ಯಾರಿಗಾದರೂ ಕೊಟ್ಟೀರಾ? ಕೇಳೋಣವೆಂದರೆ ಪಕ್ಕದಲ್ಲಿ ಇವರಿಲ್ಲ. ಆವತ್ತಿನಷ್ಟು ಒಂಟಿತನ ಇವರು ಹೋದ ದಿನವೂ ಅನ್ನಿಸಿರಲಿಲ್ಲ, ಆಗ ನೀವು ಜೊತೆಗಿದ್ದಿರಿ.

ಮರುದಿನ ಸುಮ್ಮನಿರಲಾಗದೆ, ಕತ್ತರಿಸದೆ ಉಳಿಸಿದ್ದ ನಾಲ್ಕಾರು ಕೂದಲನ್ನು ಕೇಳಿ ತೆಗೆದುಕೊಂಡೆ. ಒಂದು ಕೊನೆಗೆ ಆ ಕಾಲದ ದಾರವೇ ಕಟ್ಟಿತ್ತು. ನಮ್ಮ ಪ್ರಯೋಗಾಲಯದ ರೂಢಿ ಏನೆಂದರೆ, ಯಾರ ಕೂದಲು ತೆಗೆದರೂ ನೆತ್ತಿಯ ಪಕ್ಕದಲ್ಲಿ ಮೊದಲು ದಾರ ಕಟ್ಟಿ, ಅದರ ಕೆಳಗೆ ಕತ್ತರಿ ಹಾಕುತ್ತೇವೆ. ದಾರ ಇದ್ದ ಕಡೆ ಬುಡ. ಎಷ್ಟೋ ವರ್ಷಗಳ ಅಭ್ಯಾಸ, ಯಾರೂ ಎರಡು ಸಲ ಯೋಚಿಸುವುದಿಲ್ಲ. ಚಿಮಟರೂ ಯೋಚಿಸಲಿಲ್ಲ. ಆದರೆ ಈ ದಾರದ ಕಡೆಯ ಕೊನೆಗಳು ಸಣ್ಣಗಾಗಿ ಸೀಳಿದ್ದವು, ಇನ್ನೊಂದು ಕಡೆ ಕತ್ತರಿಯ ನೇರ ಗಾಯ. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಕೂದಲ ಮೈಮೇಲೆ ಹೆಂಚು ಹೊದಿಸಿದ ಹಾಗೆ ಹುರುಪೆಗಳಿರುತ್ತವೆ, ಅವು ಯಾವಾಗಲೂ ತುದಿಯ ಕಡೆಗೆ ಬಾಯಿ ಬಿಟ್ಟಿರುತ್ತವೆ. ಇಲ್ಲಿ ಅವು ದಾರದ ಕಡೆ ಬಾಯಿ ಬಿಟ್ಟಿದ್ದವು. ಆ ತಂಗಿ, ಭಾವನ ಹೆಣದ ಪಕ್ಕ ಕೂತು, ಕೂದಲು ಚೆದುರಬಾರದೆಂದು ಇಳಿಬಿದ್ದ ತುದಿಗೆ ದಾರ ಕಟ್ಟಿ, ಆಮೇಲೆ ಬುಡದಲ್ಲಿ ಕತ್ತರಿಸಿದ್ದಾಳೆ. ಚಿಮಟ ಬಂದು ಕಣ್ಣಿಟ್ಟು ನೋಡಿ ತಲೆ ಚಚ್ಚಿಕೊಂಡರು: "ಅಯ್ಯಯ್ಯೋ, ಮನುಷ್ಯನ್ನ ತಲೆಕೆಳಗು ನಿಲ್ಲಿಸಿ ವಿಚಾರಣೆ ಮಾಡ್ತಿದ್ವಲ್ಲ!"

ಮುಖ್ಯಸ್ಥರು ಸುಲಭಕ್ಕೆ ಒಪ್ಪಲಿಲ್ಲ. ನಾನು ಆ ಮನೆಯ ಸೊಸೆ, ನನ್ನ ಕಣ್ಣಿಗೆ ಬೇಕಾದ್ದು ಕಂಡಿರಬಹುದು ಎಂದು ಮುಖದ ಮೇಲೇ ಹೇಳಿ, ಬೇರೆಯವರಿಂದ ನೋಡಿಸಿ, ಒಂದೆರಡು ಎಳೆಯನ್ನು ನಮ್ಮ ಕೊಳಕ್ಕೇ ಇನ್ನೊಮ್ಮೆ ಇಳಿಸಿ ಅಳೆಸಿ, ಉಳಿದ ಕೂದಲನ್ನು ಇನ್ನೊಂದು ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ನನಗೆ ಬೇಜಾರಾಗಲಿಲ್ಲ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಮೊನ್ನೆ ಉತ್ತರ ಬಂತು, ಅವರಿಗೂ ಅದೇ ಸಿಕ್ಕಿದೆ. ಲೆಕ್ಕ ತಿರುಗಿಸಿ ಓದಿಕೊಳ್ಳಿ, ಅತ್ತೆ. ಮದುವೆಗೆ ಮುಂಚೆಯೇ ನ್ಯಾಯಾಧೀಶರ ಮೈಯಲ್ಲಿ ಪಾಷಾಣ ತುಂಬಿತ್ತು. ನಿಮ್ಮ ಅಜ್ಜಿ ಬಂದ ಮೇಲೆ ಅದು ತಿಂಗಳು ತಿಂಗಳಿಗೆ ಇಳಿಯುತ್ತಾ ಬಂದು, ಸಾಯುವ ಹೊತ್ತಿಗೆ ನಿಮ್ಮ ನಮ್ಮ ಮೈಯಲ್ಲಿರುವಷ್ಟಕ್ಕೆ ಬಂದಿತ್ತು. ಆ ಕಾಲದಲ್ಲಿ ಶಕ್ತಿ ಬರಲೆಂದು ವೈದ್ಯರು ಕೊಡುತ್ತಿದ್ದ ಎಷ್ಟೋ ಹನಿಗಳಲ್ಲಿ ಪಾಷಾಣವೇ ಇರುತ್ತಿತ್ತು. ಮೋರಿಗೆ ಸುರಿದ ಬಾಟಲಿಯಲ್ಲಿ ಏನಿತ್ತೋ ನಾವು ಅಳೆದಿಲ್ಲ, ಹಾಗಾಗಿ ವರದಿಯಲ್ಲಿ ಅದನ್ನು ಬರೆಯಲು ಮುಖ್ಯಸ್ಥರು ಬಿಡುವುದಿಲ್ಲ. ನ್ಯಾಯಾಧೀಶರು ಯಾವುದರಿಂದ ಸತ್ತರು ಎಂದೂ ನಾವು ಹೇಳಲಾರೆವು. ಆದರೆ ತಿಂಗಳುಗಟ್ಟಲೆ ಊಟದಲ್ಲಿ ಬೆರೆಸಿದಳು ಎಂಬ ಮಾತು ಶುದ್ಧ ಸುಳ್ಳು. ನಿಮ್ಮ ಅಜ್ಜಿಯ ಕೈಯಡುಗೆ ಉಂಡಷ್ಟು ದಿನ ಆ ಮನುಷ್ಯನ ಮೈ ವಿಷ ಕಳೆದುಕೊಳ್ಳುತ್ತಿತ್ತು. ಇದನ್ನು ನಾನು ನೆಂಟಳಾಗಿ ಅಲ್ಲ, ಅಳೆದವಳಾಗಿ ಬರೆಯುತ್ತಿದ್ದೇನೆ.

ಗ್ರಂಥಾಲಯದವರು ಪೆಟ್ಟಿಗೆಯ ಕೆಳಗಿನ ಬರಹವನ್ನು ಬದಲಾಯಿಸುತ್ತಾರಂತೆ. ದೊಡ್ಡತ್ತೆಗೂ ವರದಿಯ ಒಂದು ಪ್ರತಿ ಕಳಿಸೋಣವೆಂದು ಕೈ ತುರಿಸುತ್ತಿದೆ, ನೀವು ಬೇಡವೆಂದರೆ ಬಿಡುತ್ತೇನೆ. ನಿಮ್ಮ ಅಮ್ಮ ಇದನ್ನು ಕೇಳಿಸಿಕೊಳ್ಳಲು ಇಲ್ಲವಲ್ಲ ಎಂದು ನನಗೆ ಅಳು ಬಂತು.

ಮಾತ್ರೆ ತಪ್ಪಿಸಬೇಡಿ. ನಾದಿನಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳಿ, ಪಾಪುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ಅಷ್ಟು ದೂರದಿಂದಲೇ ನನ್ನ ತಲೆ ಮೇಲೆ ಕೈಯಿಟ್ಟು ಹರಸಿ.

ಇಂತಿ,
ಉಪ್ಪನ್ನೂ ಚಮಚದಲ್ಲಿ ಅಳೆದು ಹಾಕುತ್ತಾಳೆಂದು ನೀವು ಆಡಿಕೊಳ್ಳುತ್ತಿದ್ದ
ನಿಮ್ಮ ಅಳತೆಗೋಲು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯ ತನಕ ಬಂದೆ. ಎರಡನೇ ಸಲ ಡಬ್ಬಿ ಇಳಿಸುವಾಗ ಅದರಲ್ಲಿ ಇನ್ನೊಂದು ಕೊಳವೆ ಇತ್ತು. ನಿಮ್ಮ ಮಗನ ಕೂದಲು, ಅವರ ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದದ್ದು. ಮುಖ್ಯಸ್ಥರಿಗೆ ಹೇಳಿಯೇ ಕೊಟ್ಟೆ, ಅವರು ಏನೂ ಕೇಳದೆ ತಾವೇ ಅದನ್ನು ಡಬ್ಬಿಯಲ್ಲಿಟ್ಟರು. ಬಸ್ಸಿನ ಕಿಟಕಿಯಲ್ಲಿ ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡಬೇಕಿತ್ತು, ಬರೀ ಸಮಾಧಾನ ಹೇಳಿದರೆ ನೀವು ನಂಬುವವರಲ್ಲ. ಅಳತೆ ಮುಗಿಯುವ ತನಕ ನನಗೂ ಹೆದರಿಕೆಯಿತ್ತು, ಸುಳ್ಳು ಹೇಳುವುದಿಲ್ಲ. ಏನೂ ಇಲ್ಲ, ಅತ್ತೆ. ಪಾಷಾಣವಿಲ್ಲ, ಪಾದರಸವಿಲ್ಲ, ನನ್ನ ಯಂತ್ರ ಹಿಡಿಯಬಲ್ಲ ಯಾವ ವಿಷವೂ ಇಲ್ಲ. ಆಸ್ಪತ್ರೆಯವರು ಹೇಳಿದ ಕಾಯಿಲೆಯೇ ಅವರನ್ನು ತೆಗೆದುಕೊಂಡು ಹೋದದ್ದು. ನೀವು ತಿನ್ನಿಸಿದ ಗಂಜಿ ಬರೀ ಗಂಜಿ. ರಿಯಾಕ್ಟರಿನೊಳಗೆ ಹೋಗಿ ಬಂದದ್ದನ್ನು ಮನೆಗೆ ತರುವ ಹಾಗಿಲ್ಲ, ಅದು ಸೀಸದ ಪೆಟ್ಟಿಗೆಗೆ ಹೋಯಿತು. ಬಾಚಣಿಗೆಯಲ್ಲಿ ಈಗ ಒಂದೆಳೆಯೂ ಉಳಿದಿಲ್ಲ. ನೀವಾದರೂ ಬನ್ನಿ.