ಸ್ಪಿರಿಟ್ ಹಚ್ಚಿದ ಮ್ಯಾಲ ಊದಬ್ಯಾಡ್ರಿ

ಸುವರ್ಣಾನ ಅಪ್ಪಾರಿಗೆ,

ಆಡಕಿ ಊರಿಂದ ಹೆರಿಗಿ ಮಾಡಸಾಕ ನನ್ನ ಕರಿಯಾಕ ಬಂದಾರ, ಬಂಡಿ ಬಾಗಿಲಿಗೇ ನಿಂತದ. ಇವತ್ತು ನಿಮ್ಮವ್ವಗ ಸಕ್ಕರಿ ಬ್ಯಾನಿ ಇಂಜೆಕ್ಷನ್ ನೀವೇ ಮಾಡಬೇಕು.

ಸಿರಿಂಜು, ಸೂಜಿ ಕುದಿಸಿ ಡಬ್ಬಿಯೊಳಗ ಮುಚ್ಚಿಟ್ಟೀನಿ. ಔಷಧದ ಸೀಸೆ ನೀರಿನ ಗಡಿಗಿ ಮಗ್ಗಲ ತಂಪಿಗೆ ಅದ. ಎಷ್ಟು ಎಳೀಬೇಕು ಅಂತ ಡಬ್ಬಿ ಮ್ಯಾಲ ಬರದೀನಿ.

ಮೊದಲು ಸಾಬೂನು ಹಚ್ಚಿ ಕೈ ತೊಳಕೋರಿ. ಹತ್ತಿ ಅರಳಿಗೆ ಸ್ಪಿರಿಟ್ ಹಾಕಿ ತೋಳು ಒರಸ್ರಿ. ತಾನಾಗೇ ಆರಲಿ, ಊದಬ್ಯಾಡ್ರಿ. ಹ್ವಾದ ಸಲ ಅವ್ವ ಥಂಡಿ ಅಂದ್ರು ಅಂತ ಎಲಿ ಅಡಿಕಿ ತಿಂದ ಬಾಯಿಲೆ ಊದಿದ್ರಿ. ಅಲ್ಲೇ ಕೀವಾಗಿ ಹದಿನೈದು ದಿನ ನರಳಿದ್ರು. ಸಕ್ಕರಿ ಬ್ಯಾನಿ ಇದ್ದೋರ ಗಾಯ ಲಗೂನ ಮಾಯಂಗಿಲ್ಲ.

ಅವತ್ತು ನಿಮ್ಮ ಮ್ಯಾಲ ಭಾಳ ಒದರಿದೆ. ಸಣ್ಣವರಿದ್ದಾಗ ನೀವು ಮೊಣಕಾಲು ತರಚಿಕೊಂಡು ಬಂದ್ರ ಅವ್ವನೂ ಹಂಗೇ ಊದ್ತಿದ್ರಂತ. ಆಮ್ಯಾಲ ಅವ್ರೇ ಹೇಳಿದ್ರು, ನನಗೇ ಕೆಡಕನಿಸ್ತು.

ಸೂಜಿ ತೆಗೆದ ಮ್ಯಾಲ ಲಗೂನ ಊಟಕ್ಕ ಕುಂದ್ರಸ್ರಿ. ರೊಟ್ಟಿ, ಪುಂಡಿಪಲ್ಯ ಒಲಿ ಮಗ್ಗಲ ಅದ. ತಡ ಆದ್ರ ಅವ್ರಿಗೆ ಚಕ್ಕರ್ ಬರ್ತದ.

ಸ್ಪಿರಿಟ್ ಹತ್ತಿದ ಕೂಡಲೇ ಅವ್ರು ಕಣ್ಣು ಮುಚ್ಚಿ "ಊದೋ" ಅಂದೇ ಅಂತಾರ. ತೋಳಿಗಲ್ಲ, ಹಣಿಗೆ ಊದ್ರಿ. ನಾ ದಿನಾ ಹಂಗೇ ಮಾಡ್ತೀನಿ. ಅವ್ರಿಗೆ ತಿಳಿಯಂಗಿಲ್ಲ ಅಂದುಕೊಂಡಿದ್ದೆ. ಮೊನ್ನೆ ಕಣ್ಣು ತೆರೀದೇ ಅಂದ್ರು:

"ತೋಳು ಎಲ್ಲದ, ನೀ ಊದೂದು ಎಲ್ಲಿ ಅಂತ ನನಗ ತಿಳೀತದ. ಇರಲಿ, ಇನ್ನಷ್ಟು ಊದು ಮಗಳ."

— ಲಾಲಮ್ಮ