ಹಸಿರು ದೀಪ ಹತ್ತುವತನಕ

ಬೊರಿವಲಿ ಪೂರ್ವ,
ಜುಲೈ ೧೨, ಶುಕ್ರವಾರ

ಪ್ರೀತಿಯ ಅವ್ವಾ,

ಹೇಗಿದ್ದೀ? ಬಲಗೈ ಬಾವು ಇಳಿಯಿತೇ? ಗಂಜಿ ನೆತ್ತಿಗೆ ಹತ್ತುವುದು ಕಡಿಮೆಯಾಗಿದೆಯೇ? ನಿನ್ನ ಸೊಸೆ, ನಮ್ಮ ಮಹಾದೇವಿ ವೈನಿ, ಇದನ್ನು ನಿನಗೆ ಓದಿ ಹೇಳುತ್ತಾರೆ. ಫೋನಿನಲ್ಲಿ ನಾವೆಲ್ಲ ಒಮ್ಮೆಲೇ ಮಾತಾಡುತ್ತೇವೆ, ನಿನ್ನ ಪಾಳಿ ಬರುವುದೇ ಇಲ್ಲ. ಅದಕ್ಕೇ ಪತ್ರ, ಫೋಟೋ ತೆಗೆದು ಇಂದೇ ವೈನಿಯ ಫೋನಿಗೆ ಕಳಿಸುತ್ತೇನೆ.

ಸೋಮವಾರ ನಿನ್ನನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತಾರಂತೆ. ನಿನಗೆ ಹೇಳಬಾರದಂತೆ, ನಿನಗೆ ಹೇಳದೆ ಇನ್ನಾರಿಗೆ ಹೇಳಲಿ? ಸೋಮಣ್ಣನನ್ನು ಬೈಯಲಾರೆ. ನಿನಗೆ ಲಕ್ವ ಹೊಡೆದು ಮಾತು ನಿಂತಾಗಿನಿಂದ ಎತ್ತಿ ಇಳಿಸಿ ಅವನ ಸೊಂಟವೇ ಬಿದ್ದುಹೋಗಿದೆ. ಆದರೆ "ಅವ್ವಗ ಏನೂ ತಿಳಿಯೂದಿಲ್ಲ, ಎಲ್ಲಿದ್ದರೂ ಒಂದ" ಎಂದನಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ರಜೆ ಸಿಕ್ಕಿರುವುದು ಮಂಗಳವಾರದಿಂದ. ಸಿಕ್ಕು ಏನು ಫಲ?

ನನ್ನ ಕೆಲಸದ ಸುದ್ದಿ ಕೇಳು. ಕಂಪ್ಯೂಟರಿಗೆ ವಾಯರ್ ಚುಚ್ಚುವ ನೆಟ್‌ವರ್ಕ್ ಕಾರ್ಡ್ ಇರುತ್ತದಲ್ಲ, ಅದನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. "ನಮ್ಮ ಮಾಧುರಿ ಮುಂಬೈದಾಗ ಡ್ರೈವರ್ ಕೆಲಸ ಮಾಡ್ತಾಳ" ಎಂದು ನೀನು ಸಾರಿ, ಓಣಿಯವರೆಲ್ಲ ನಾನು ಟ್ಯಾಕ್ಸಿ ಓಡಿಸುತ್ತೇನೆಂದು ತಿಳಿದದ್ದು ಇದರಿಂದಲೇ! ಈ ಡ್ರೈವರ್ ಕಾರ್ಡನ್ನು ಎಬ್ಬಿಸಿ, ಆ ಕಡೆ ಯಾರಾದರೂ ಇದ್ದೀರಾ ಎಂದು ಕೇಳುತ್ತದೆ. ಒಂದು ಹಳೆಯ ಯಂತ್ರದಲ್ಲಿ ಸದಾ ಯಾರೂ ಇಲ್ಲ ಎಂದೇ ಬರುತ್ತಿತ್ತು. ನನ್ನ ಮೇಲಿನವನು ಅಮೋಲ್, "ವಾಯರ್ ಡೆಡ್ ಹೈ, ಫೇಂಕ್ ದೇ" ಎಂದ, ಸತ್ತಿದೆ, ಒಗೆದುಬಿಡು ಅಂತ. ಕೀಳಲು ಬಗ್ಗಿದೆ, ಅಷ್ಟರಲ್ಲಿ ವಾಯರಿನ ಪಕ್ಕದ ಹಸಿರು ದೀಪ ಹತ್ತಿತು. ಆ ಕಡೆಯವರು ಇದ್ದರು ಅವ್ವಾ! ಓಗೊಡಲು ಅವರಿಗೆ ತುಸು ಹೊತ್ತು ಬೇಕಿತ್ತು, ನಮ್ಮ ಡ್ರೈವರ್ ಕೇಳಿದ್ದೇ ತಡ ಎದ್ದು ಹೋಗುತ್ತಿತ್ತು. ಕಾಯುವ ಹೊತ್ತನ್ನು ಹೆಚ್ಚಿಸಿದೆ, ಅಷ್ಟೇ. ಈಗ ಪ್ರತಿಸಲ ಹತ್ತುತ್ತದೆ.

ಮೂರು ತುಂಬಿದರೂ ಮಾತು ಬಾರದ ನನ್ನನ್ನು ಓಣಿಯವರು ಮೂಕಿ ಎಂದಾಗ, "ನನ್ನ ಕೂಸು ವಿಚಾರ ಮಾಡಿ ಮಾತಾಡ್ತದ" ಎಂದು ಜಗಳಕ್ಕೆ ನಿಂತವಳು ನೀನು. ನನಗೆ ಅಳು ಬರುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಕಾಲಿಗೆ ಬೀಳುವ,
ಮಾಧುರಿ

ತಾ.ಕ.: ವೈನಿ, ಇದು ನಿಮಗೆ. ಮೊನ್ನೆ ವಿಡಿಯೋ ಕಾಲಿನಲ್ಲಿ "ನಾ ಯಾರವ್ವಾ?" ಎಂದು ಕೇಳಿದೆ. "ನೋಡು, ಏನೂ ಇಲ್ಲ" ಎಂದು ಅಣ್ಣ ಫೋನ್ ತಿರುಗಿಸುವಾಗ ಅವ್ವನ ತುಟಿಗಳು ಕೂಡಿದ್ದವು. ಮ ಅನ್ನಲು ತುಟಿ ಕೂಡಬೇಕಲ್ಲ ವೈನಿ? ಕೈಮುಗಿಯುತ್ತೇನೆ, ಅಣ್ಣನನ್ನು ಎದುರು ಕೂಡಿಸಿಕೊಂಡು ಅವ್ವನನ್ನು ಒಮ್ಮೆ ಕೇಳಿರಿ, ಈ ಪತ್ರ ಯಾರು ಬರೆದದ್ದು ಎಂದು. ಕೇಳಿದ ಮೇಲೆ ಯಾರೂ ಮಾತಾಡಬೇಡಿರಿ. ಒಲೆಯ ಮೇಲೆ ಹಾಲಿಟ್ಟು, ಉಕ್ಕುವತನಕ ಕಾಯಿರಿ. ಉಕ್ಕಿ ಚೆಲ್ಲಿದರೂ ಏಳಬೇಡಿರಿ.