ಬಚ್ಚಲುಮನೆಯ ಕೊನೆಯ ಹಲಗೆ

ಫೋಬೋರ್ಗ್,
೧೪ ನವೆಂಬರ್ ೧೯೮೭

ಪ್ರೀತಿಯ ಗುನ್ನರ್,

ನೀನೂ, ಮೀನಿಗೆ ಹೊಗೆ ಹಾಕುವ ನಿನ್ನ ಗೂಡೂ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತುಸು ತಡವಾಯಿತು, ಕ್ಷಮಿಸು. ನಿನ್ನ ಕಾಗದ ಬಂದು ಹನ್ನೊಂದು ವರ್ಷವಾಯಿತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ, "ಹೇಗಿದ್ದೀಯ ಓಲುಫ್?" ಯೋಚಿಸಿ ಬರೆಯೋಣವೆಂದು ಇಟ್ಟುಕೊಂಡಿದ್ದೆ. ಊರಿನ ಸಭಾಭವನದಲ್ಲಿ ನಾವಿಬ್ಬರೂ ಹಾಸಿದ ಮರದ ನೆಲ ಉಬ್ಬಿದ್ದು, ಆ ಕಳಂಕ ಹೊತ್ತು ನೀನು ಕಸುಬನ್ನೇ ಬಿಟ್ಟು ಬಾರ್ನ್‌ಹೋಮ್ ದ್ವೀಪಕ್ಕೆ ಹಡಗು ಹತ್ತಿದ್ದು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಧೈರ್ಯ ಇನ್ನೂ ಒಟ್ಟಾಗಿಲ್ಲ.

ಮೊದಲು ಮನೆಯ ಸುದ್ದಿ. ನಾನು ಬಚ್ಚಲುಮನೆಗೆ ಓಕ್ ಹಲಗೆ ಹಾಸಿದೆ. ನಗಬೇಡ. ಬಚ್ಚಲಿಗೆ ಮರ ಹಾಕಿಸುವುದು ಮಹಾಪಾಪವೆಂದು ಗಿರಾಕಿಗಳಿಗೆ ಪಾದ್ರಿಗಳ ಹಾಗೆ ಬೋಧಿಸಿದವರು ನಾವೇ, ಗೊತ್ತು. ಆದರೆ ಎಲ್ನಾ ಮೂವತ್ತು ಚಳಿಗಾಲ ಒಂದೇ ಮಾತು ಹೇಳಿದ್ದಳು: "ಊರವರ ಕಾಲಿಗೆಲ್ಲ ಮರ, ನಿನ್ನ ಹೆಂಡತಿ ಕಾಲಿಗೆ ಮಾತ್ರ ಮಂಜುಗಡ್ಡೆ." ನಿವೃತ್ತನಾದ ಮೇಲೆ ನನ್ನ ಬಳಿ ನೆವಗಳು ಮುಗಿದುಹೋದವು.

ಪಕ್ಕದ ಮನೆಯ ಅಂಚೆಯ ಪ್ರೆಬೆನ್ ಬಾಗಿಲಿಗೆ ಒರಗಿ ನೋಡುತ್ತಿದ್ದ. "ಗೋಡೆ ಹತ್ರ ಸಂದು ಬಿಡಲ್ವಾ? ಮರ ನೀರು ಕುಡಿದ್ರೆ ಹಿಗ್ಗತ್ತಂತಲ್ಲ?"

"ಕಾಗದ ಹಂಚೋನು ನನಗೆ ಮರದ ಪಾಠ ಹೇಳ್ತೀಯೇನೋ? ನಾನು ಕೂರಿಸಿದ ಹಲಗೆ ನನ್ನ ಮಾತು ಕೇಳತ್ತೆ!"

ನನ್ನ ಚಾಳಿ ನಿನಗೆ ಗೊತ್ತು. ಹಲಗೆಗೂ ಗೋಡೆಗೂ ನಡುವೆ ಇಸ್ಪೀಟೆಲೆ ತೂರಿದರೂ ನನಗೆ ಮಾನ ಹೋದಂತೆ. ಬಿಗಿಯಾಗಿ ಬಡಿದು ಕೂರಿಸಿದೆ. ಬಾಗಿಲ ಬಳಿಯ ಕೊನೆಯ ಹಲಗೆಯ ಬೆನ್ನಿನ ಮೇಲೆ, ನಮ್ಮ ಕಸುಬಿನ ಪದ್ಧತಿಯಂತೆ, ಹೆಸರು ಮತ್ತು ತಾರೀಖು ಬರೆದೆ. ಪೆನ್ಸಿಲ್ ಕೈಯಲ್ಲಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಬದುಕಿರುವವರಿಗೆ ಹೇಳಲಾಗದ ಒಂದು ನಿಜವನ್ನೂ ಬರೆದೆ. ಓಕ್ ನೂರು ವರ್ಷ ಬಾಳುತ್ತದೆ. ಅದನ್ನು ಓದುವವನು ನನ್ನ ಮೊಮ್ಮಗನ ಮೊಮ್ಮಗನಿಗೆ ಬೈದುಕೊಳ್ಳಲಿ ಎಂದುಕೊಂಡೆ.

ಓಕ್ ಐದು ವಾರ ಬಾಳಿತು.

ಹೋದ ವಾರ ಗುರುವಾರ ಬೆಳಿಗ್ಗೆ ಪ್ರೆಬೆನ್ನನ ಅಡುಗೆಮನೆಯಲ್ಲಿ ಕೂತು ನನ್ನ ನೆಲದ ಗುಣಗಾನ ಮಾಡುತ್ತಿದ್ದೆ. ನಮ್ಮ ಬಚ್ಚಲಿನ ಕಿಟಕಿಯಿಂದ ಎಲ್ನಾಳ ಕೂಗು ಕೇಳಿತು. ಹಲಗೆಗಳು ಸ್ನಾನದ ನೀರು ಕುಡಿದು, ಸಿಟ್ಟಿಗೆದ್ದ ಬೆಕ್ಕಿನ ಬೆನ್ನಿನ ಹಾಗೆ ಉಬ್ಬಿ, ಒಳಕ್ಕೆ ತೆರೆಯುವ ಬಾಗಿಲನ್ನು ಕಚ್ಚಿ ಹಿಡಿದಿದ್ದವು.

"ಓಲುಫ್! ನಿನ್ನ ನೆಲ ಎದ್ದು ನಿಂತಿದೆ. ಕೂತ್ಕೋ ಅನ್ನು, ನಿನ್ನ ಮಾತು ಕೇಳತ್ತಲ್ಲ!"

"ಸಂದು..." ಎಂದ ಪ್ರೆಬೆನ್.

"ಬಾಯಿ ಮುಚ್ಚೋ" ಎಂದೆ.

ಇಬ್ಬರೂ ಆ ಕಿಟಕಿಯ ಹತ್ತಿರ ಓಡಿದೆವು. ಕಿಟಕಿ ಚಿಕ್ಕದು, ನನ್ನ ಹೊಟ್ಟೆ ದೊಡ್ಡದು. ಸನ್ನೆಕೋಲನ್ನು ಒಳಗೆ ತೂರಿಸಿ, "ಬಾಗಿಲ ಹತ್ರದ್ದು ಮೀಟು" ಎಂದೆ. ಎಂದ ಮೇಲೆ ನೆನಪಾಯಿತು. "ಬೇಡ ಎಲ್ನಾ, ಅದು ಬೇಡ! ಪಕ್ಕದ್ದು!"

"ಬಾಗಿಲು ಹಿಡಿದಿರೋದು ಇದು. ಪಕ್ಕದ್ದು ಕಿತ್ತು ಉಪ್ಪಿನಕಾಯಿ ಹಾಕ್ಲಾ?"

ಫಟ್ಟೆಂದು ಹಲಗೆ ಎದ್ದಿತು. ಎಲ್ನಾ ಅದನ್ನು ಬೆಳಕಿಗೆ ತಿರುಗಿಸಿ ಹಿಡಿದು, ಬೆನ್ನಿನ ಬರಹವನ್ನು ಕೊನೆಯ ಅಕ್ಷರದವರೆಗೂ ಓದಿದಳು.

ತಲೆಗೆ ಟವೆಲ್ ಸುತ್ತಿ, ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದಳು. ಊಟದ ಮೇಜಿನ ಮೇಲೆ ಅದನ್ನು ಬರಹ ಮೇಲಾಗಿ ಇಟ್ಟಳು. "ಗುನ್ನರ್‌ಗೆ ನೀನು ಬರೀತೀಯೋ, ನಾನು ಬರೀಲೋ?" ಅಷ್ಟೇ. ಎಂಟು ದಿನ ಅದರ ಪಕ್ಕದಲ್ಲೇ ನನ್ನ ಊಟ. ಸಾಕ್ಷಿಯ ಎದುರು ಕೂತು ರೈ ರೊಟ್ಟಿ ತಿಂದು ನೋಡು, ಗೊತ್ತಾಗುತ್ತದೆ.

ನಿನ್ನ ಗೂಡಿನ ಹೊಗೆ ಆರದಿರಲಿ. ನಿನ್ನ ಮೊಣಕಾಲುಗಳಿಗೆ ಈ ಚಳಿಗಾಲ ಕರುಣೆ ತೋರಲಿ. ಎಂದಾದರೂ ಬರುವ ಮನಸ್ಸಾದರೆ ಹಾಸಿಗೆ ಸಿದ್ಧವಿದೆ. ಬಚ್ಚಲು ಮಾತ್ರ ಸದ್ಯಕ್ಕೆ ಬರಿಯ ಗಾರೆ. ಎಲ್ನಾ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ನನ್ನ ಜೊತೆ ಈಗ ಅವಳು ಹೆಚ್ಚು ಮಾತಾಡುವುದಿಲ್ಲ.

ಇಂತು ನಿನ್ನ ಹಳೆಯ ಜೊತೆಗಾರ,
ಓಲುಫ್

ಮರೆತ ಮಾತು: ಹಾಗೆ ಬರೆಯುವುದು ವಾಡಿಕೆ, ಮರೆತದ್ದು ಒಂದು ದಿನವೂ ಇಲ್ಲ. ಹಲಗೆಯ ಮೇಲಿದ್ದದ್ದು ಇಷ್ಟು: "ಸಭಾಭವನದಲ್ಲಿ ಗೋಡೆಯ ಕಡೆ ಸಂದು ಬಿಡದೆ ಹಾಸಿದವನು ಗುನ್ನರ್ ಅಲ್ಲ, ನಾನು." ನಿನ್ನೆ ಅದನ್ನು ಸಭಾಭವನಕ್ಕೇ ಒಯ್ದು, ಕೋಟು ತೂಗುಹಾಕುವ ಗೂಟಗಳ ಪಕ್ಕ ಎಲ್ಲರಿಗೂ ಕಾಣುವಂತೆ ಮೊಳೆ ಹೊಡೆದು ಬಂದೆ. ಹಲಗೆ ಹಿಡಿದುಕೊಂಡಿದ್ದ ಪ್ರೆಬೆನ್ ಓದಿದ. ಓದಿ ಮುಗಿಸಿ ಇನ್ನೊಂದು ಮೊಳೆ ಚಾಚಿದ.

ಅಂದು ಸಮಿತಿಯವರು "ಗೋಡೆ ಕಡೆ ಹಾಸಿದ್ದು ಯಾರು?" ಎಂದಾಗ ನೀನು ನನ್ನ ಮುಖ ನೋಡಿದೆ. ನಾನು ಬಾಯಿ ಬಿಡುವೆನೆಂದು ತುಂಬ ಹೊತ್ತು ಕಾದೆ. ಆಮೇಲೆ "ನಾನೇ ಇರಬೇಕು" ಎಂದು ಟೋಪಿ ಎತ್ತಿಕೊಂಡು ನಡೆದುಬಿಟ್ಟೆ. ಅಷ್ಟು ಹೊತ್ತೂ ನಾನು ತಲೆ ತಗ್ಗಿಸಿ ಚಮಚದಿಂದ ಕಾಫಿ ಕಲಕುತ್ತಿದ್ದೆ.

ನಾನು ಕಾಫಿಗೆ ಹಾಲೂ ಹಾಕುವುದಿಲ್ಲ, ಸಕ್ಕರೆಯೂ ಹಾಕುವುದಿಲ್ಲ, ಗುನ್ನರ್. ಅದು ನಿನಗೆ ಗೊತ್ತಿತ್ತು.